ಮಿಶ್ರಿಕೋಟಿಯಲ್ಲಿ ನಾನು ಬಕೆಟ್ ಒದ್ದದ್ದು

ತಾಳಿ ಕಟ್ಟಿಸಿಕೊಳ್ಳುವ ಹೊತ್ತಿನಲ್ಲಿ ಉಳಿದ ಹೆಣ್ಣುಮಕ್ಕಳು ಮನಸ್ಸಿನಲ್ಲಿ ಏನು ಬೇಡಿಕೊಳ್ಳುತ್ತಾರೋ ನನಗೆ ತಿಳಿಯದು. ನಾನು ಮಾತ್ರ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಮೇಲಿನಿಂದ ಅಕ್ಷತೆ ಬೀಳುತ್ತಿರುವಾಗಲೇ ಒಂದು ಘನವಾದ ಪ್ರತಿಜ್ಞೆ ಮಾಡಿದೆ: ‘ಇಂದಿನಿಂದ ಈ ಮನೆತನದ ಇಂಗ್ಲಿಷ್ ಖಾತೆ ನನ್ನದು!’

ನಗಬೇಡಿ. ಖಾತೆ ವಹಿಸಿಕೊಳ್ಳುವ ಅರ್ಹತೆ ನನಗಿತ್ತು. ಕುಂದಗೋಳದ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಹಾನಂದಾ ಮೇಡಂ ಒಮ್ಮೆ, “ವ್ಯಾಕರಣ ಕಲಿತವರು ಇಂಗ್ಲಿಷ್ ಬರೀತಾರ. ನುಡಿಗಟ್ಟು ಕಲಿತವರು ಅದರ ಮ್ಯಾಲ ಸವಾರಿ ಮಾಡ್ತಾರ” ಎಂದಿದ್ದರು. ಅಂದೇ ನಾನು ಸವಾರಿಗೆ ಹೊರಟೆ. ನುಡಿಗಟ್ಟುಗಳ ದಪ್ಪ ಪುಸ್ತಕವೊಂದನ್ನು ಕೊಂಡು, ದಿನಕ್ಕೊಂದರಂತೆ, ಅರ್ಥವನ್ನೂ ಹುಟ್ಟಿದ ಕಥೆಯನ್ನೂ ಬಾಯಿಪಾಠ ಮಾಡತೊಡಗಿದೆ. ಎ ಅಕ್ಷರದಿಂದ ಆರಂಭ. ನಡುವೆ ಒಂದನ್ನೂ ಬಿಡುವುದಿಲ್ಲ, ಮುಂದಿನ ಪುಟವನ್ನು ಇಣುಕಿಯೂ ನೋಡುವುದಿಲ್ಲ. ಶಿಸ್ತೆಂದರೆ ಶಿಸ್ತು!

ಬೆಳಗ್ಗೆ ಕಲಿತದ್ದನ್ನು ಸಂಜೆಯೊಳಗೆ ಯಾರಿಗಾದರೂ ಹೇಳದಿದ್ದರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತ ಹೆಂಗಸರಿಗೆ ‘ಬೈಟ್ ದ ಬುಲೆಟ್’ ವಿವರಿಸಿದ್ದೇನೆ. ಮೈಮರೆಸುವ ಔಷಧವಿಲ್ಲದ ಕಾಲದಲ್ಲಿ ಗಾಯಗೊಂಡ ಸೈನಿಕನ ಬಾಯಿಗೆ ಬಂದೂಕಿನ ಗುಂಡು ಕೊಟ್ಟು, ಕಚ್ಚಿಕೊಂಡು ನೋವು ತಡೆದುಕೋ ಎನ್ನುತ್ತಿದ್ದರಂತೆ. “ಹಲ್ಲ ಮುರೀತಿರಲಿಲ್ಲೇನ ಯವ್ವಾ?” ಎಂದು ಗಿರಣಿಯ ಹೆಂಗಸರು ಸೈನಿಕನಿಗಾಗಿ ಮರುಗಿದರು. ‘ಬೇಕರ್ಸ್ ಡಜನ್’ ಎಂದರೆ ಹದಿಮೂರು. ತೂಕ ಕಡಿಮೆಯಾದರೆ ದಂಡ ಬೀಳುತ್ತದೆಂದು ಹೆದರಿದ ಹಳೆಯ ಕಾಲದ ಬೇಕರಿಯವರು ಹನ್ನೆರಡರ ಮೇಲೆ ಒಂದು ಬ್ರೆಡ್ ಹೆಚ್ಚಿಗೆ ಕೊಡುತ್ತಿದ್ದರಂತೆ. ಇದನ್ನು ಬಾಳೆಹಣ್ಣಿನ ಗಾಡಿಯವನಿಗೆ ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ನಾನು ಅಲ್ಲಿಂದ ಹೊರಟರೆ ಸಾಕೆಂದು ಅವನು ಹದಿಮೂರನೆಯ ಹಣ್ಣು ಕೊಟ್ಟೇಬಿಟ್ಟ!

ನನ್ನ ಮದುವೆ ಕುದುರಿದ್ದೂ ನುಡಿಗಟ್ಟಿನಿಂದಲೇ. ಮಿಶ್ರಿಕೋಟಿಯಿಂದ ಹೆಣ್ಣು ನೋಡಲು ಬಂದ ದಿನ ನಾನು ಬಿಸಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಪಡಸಾಲೆಗೆ ಬಂದೆ. ಅಂದಿನ ನನ್ನ ಪಾಠ ‘ಕೋಲ್ಡ್ ಶೋಲ್ಡರ್’. ತಡೆಯಲಾಗಲಿಲ್ಲ.

“ಇಂಗ್ಲೆಂಡಿನಾಗ ಬ್ಯಾಡಾದ ಬೀಗರು ಬಂದ್ರ ಬಿಸಿ ಅಡಗಿ ಮಾಡ್ತಿರಲಿಲ್ಲಂತ್ರಿ. ಆರಿದ ಕುರಿ ಹೆಗಲಿನ ಮಾಂಸ ಬಡಸ್ತಿದ್ರಂತ. ನಾವು ನಿಮಗ ಬಿಸೀದು ಕೊಟ್ಟೀವಿ ನೋಡ್ರಿ!”

ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುಳಿತ ಎರಡು ಮನೆತನಗಳ ನಡುವೆ ಒಂದು ಕುರಿ ಬಂದು ನಿಂತಂತಾಯಿತು. ನಮ್ಮಪ್ಪ ಕೆಮ್ಮಿದರು. ಹುಡುಗನ ತಾಯಿ ರೇವವ್ವ ಚಮಚವನ್ನು ಅರ್ಧದಲ್ಲೇ ನಿಲ್ಲಿಸಿ, “ಏನ ಕುರೀನ?” ಎಂದರು. ಹುಡುಗ ಪ್ರಭು ಮಾತ್ರ ಕರವಸ್ತ್ರದಿಂದ ಮುಖ ಮುಚ್ಚಿಕೊಂಡು, ಹೆಗಲು ಕುಣಿಸಿ ಕುಣಿಸಿ ನಕ್ಕರು. ಅಂದು ಸಂಜೆಯೇ ಒಪ್ಪಿಗೆ ಬಂತು. ನುಡಿಗಟ್ಟಿಗೆ ಜಯವಾಗಲಿ!

ಮದುವೆಯ ಹಿಂದಿನ ದಿನದ ಹೊತ್ತಿಗೆ ನಾನು ಜೆ ಅಕ್ಷರ ಮುಗಿಸಿದ್ದೆ. ಕೊನೆಯದು ‘ಜಂಪ್ ಆನ್ ದ ಬ್ಯಾಂಡ್‌ವ್ಯಾಗನ್’. ಸರ್ಕಸ್ಸಿನ ಮೆರವಣಿಗೆಯಲ್ಲಿ ವಾದ್ಯದವರ ಗಾಡಿಗೆ ಜನ ಮುತ್ತುತ್ತಿದ್ದರು. ಅದನ್ನು ಕಂಡು ಮತ ಕೇಳುವವರೂ ಆ ಗಾಡಿ ಹತ್ತತೊಡಗಿದರು. ಮೈತುಂಬ ಅರಿಸಿನ ಹಚ್ಚಿಕೊಂಡೇ ಈ ವೃತ್ತಾಂತವನ್ನು ನಮ್ಮ ಮದುವೆಗೆ ಬಂದ ಬ್ಯಾಂಡಿನ ಹನಮಪ್ಪನಿಗೆ ಹೇಳಿದೆ. ಅವನು ಗಾಬರಿಯಾಗಿ, “ನಮ್ಮ ಗಾಡಿ ಯಾರೂ ಹತ್ತಬ್ಯಾಡ್ರಿ ತಂಗೆವ್ವಾ. ಮೊದಲ ಸ್ಪೀಕರ್ ಅಳ್ಳಾಡಾಕತ್ತಾವ” ಎಂದ. ಅರಿಸಿನದ ಕೈಯಿಂದ ಪುಸ್ತಕ ಮುಟ್ಟಬಾರದೆಂದು ಅವ್ವ ಬೈದಳು. ಸರಿ, ಕೆ ಅಕ್ಷರವನ್ನು ಗಂಡನ ಮನೆಯಲ್ಲಿ ತೆರೆಯೋಣವೆಂದು ಆ ಪುಟಕ್ಕೆ ನವಿಲುಗರಿಯೊಂದನ್ನು ಇಟ್ಟು ಪೆಟ್ಟಿಗೆಗೆ ಹಾಕಿದೆ. ಆ ನವಿಲುಗರಿಯ ಕೆಳಗೆ ನನ್ನ ಮಾನ ಮಲಗಿತ್ತೆಂದು ಆಗ ನನಗೇನು ಗೊತ್ತು!

ಈಗ ಒಂದು ಚಿಂತೆಯ ಮಾತು. ಪ್ರಭು ಅವರದು ಹನಿ ನೀರಾವರಿಯ ಪೈಪು ಮಾರುವ ಕಂಪನಿಯಲ್ಲಿ ನೌಕರಿ. ಕೆಲಸದ ಊರು ದೂರದ ಮಹಾರಾಷ್ಟ್ರದ ನಾಂದೇಡ. ಅಲ್ಲಿ ಮೂರು ಜನ ಗಂಡಸರು ಸೇರಿ ಮಾಡಿಕೊಂಡ ಒಂದು ಕೋಣೆ. ಹೆಂಡತಿಯನ್ನು ಕರೆದೊಯ್ಯುವ ಮಾತೇ ಇಲ್ಲ. ಹುಬ್ಬಳ್ಳಿಯ ಕಚೇರಿಗೆ ವರ್ಗ ಕೊಡಿರೆಂದು ಕೇಳಿ ಕೇಳಿ ಅವರ ಬಾಯಿ ಬತ್ತಿತ್ತು. ವಲಯದ ಮುಖ್ಯಸ್ಥರಾದ ದಾನೀಶ್ ಸಾಹೇಬರು ಹುಬ್ಬಳ್ಳಿಯಲ್ಲೇ ಕೂಡುವವರು, ಆದರೆ ಪ್ರತಿ ಸಲ “ನೋಡೂಣು” ಎಂದಷ್ಟೇ ಹೇಳುವವರು. ಮದುವೆಗೆ ಸಿಕ್ಕಿದ್ದು ಚೂರು ರಜೆ. ಅದು ಮುಗಿದರೆ ಅವರು ನಾಂದೇಡ, ನಾನು ಮಿಶ್ರಿಕೋಟಿ. ಮದುವೆಯ ಹೂವು ಬಾಡುವ ಮುಂಚೆಯೇ ಗಂಡನನ್ನು ಬಸ್ಸು ಹತ್ತಿಸುವ ಯೋಚನೆ ಬಂದರೆ ನನಗೆ ಅಳು ಬರುತ್ತಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ಮಿಶ್ರಿಕೋಟಿಗೆ ಬಂದು ಇಳಿದಾಗ ಸಂಜೆಯಾಗಿತ್ತು. ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಹೊಸ್ತಿಲ ಮೇಲೆ ಹಿತ್ತಾಳೆಯ ಸೇರಿನಲ್ಲಿ ಅಕ್ಕಿ ತುಂಬಿಡುತ್ತಾರೆ. ಸೊಸೆ ಬಲಗಾಲಿನಿಂದ ಅದನ್ನು ಒದ್ದು, ಅಕ್ಕಿ ಚೆಲ್ಲಿ, ಒಳಗೆ ಬರಬೇಕು. ಆರತಿ ಬಂತು, ಅಕ್ಕಿ ಬಂತು, ನಾನೂ ಬಂದೆ. ಸೇರು ಬರಲಿಲ್ಲ!

“ಸೇರ ಎಲ್ಲಿ ಐತೆಬೇ?” ಎಂದು ಪ್ರಭು ಕೇಳಿದರು.

“ಗದ್ದಲದಾಗ ಯಾರರ ಒಯ್ದಾರು ಅಂತ ನಾನ ಜೋಪಾನ ಮಾಡಿಟ್ಟೇನಿ” ಎಂದರು ಅತ್ತೆ.

“ಎಲ್ಲಿ ಇಟ್ಟಿ?”

“ಅದ ನೆನಪ ಆಗವಲ್ದು.”

ಮನೆಯೆಲ್ಲ ಹುಡುಕಿದ್ದಾಯಿತು. ಹೊರಗೆ ನಾನು ಸೆರಗು ಹಿಡಿದು ನಿಂತೇ ಇದ್ದೆ, ಹೊತ್ತು ಮುಳುಗುತ್ತಿತ್ತು. ಕೊನೆಗೆ ಅತ್ತೆ ಹಿತ್ತಲಿಗೆ ಓಡಿ, ಹಾಲು ಹಿಂಡುವ ಸಣ್ಣ ಹಿತ್ತಾಳೆ ಬಕೆಟ್ಟನ್ನು ತೊಳೆದು, ಅಕ್ಕಿ ತುಂಬಿ, ಕುಂಕುಮ ಹಚ್ಚಿ ಹೊಸ್ತಿಲ ಮೇಲೆ ಇಟ್ಟರು. “ಇದೂ ಹಿತ್ತಾಳೀನ. ಜ್ವಾರಲೆ ಒದಿ ಯವ್ವಾ, ಭಾರ ಐತಿ!”

ಹಿರಿಯರ ಮಾತು! ಜೋರಾಗಿಯೇ ಒದ್ದೆ. ಬಕೆಟ್ಟು ಠಣ್ಣೆಂದು ಹಾರಿ, ಪಡಸಾಲೆ ದಾಟಿ, ಎರಡು ಪಲ್ಟಿ ಹೊಡೆದು ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತಿತು. ಅಕ್ಕಿ ಮನೆತುಂಬ ಮಲ್ಲಿಗೆಯಂತೆ ಹರಡಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆಯ ಕಣ್ಣಲ್ಲಿ ನೀರು. “ನನ್ನ ಸೊಸಿ ಒದಿ ನೋಡಿದ್ರೇನ್ರಿ!” ಎಂದು ಓಣಿಯವರಿಗೆಲ್ಲ ಹೇಳಿಕೊಂಡರು. ನನ್ನ ಬದುಕಿನ ಮೊದಲ ದಿಗ್ವಿಜಯ!

ಮರುದಿನ ಬೆಳಗ್ಗೆ ಪ್ರಭು ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಏನೋ ತಿದ್ದುತ್ತಿದ್ದರು. ಕಚೇರಿಯವರ ವಾಟ್ಸ್ಯಾಪ್ ಗುಂಪಿಗೆ ರಜೆ ಬೇಡುವ ಸಂದೇಶವಂತೆ. ಬಗ್ಗಿ ನೋಡಿದೆ: ‘ಸರ್, ಮ್ಯಾರೇಜ್ ಈಸ್ ಓವರ್. ಕೈಂಡ್ಲಿ ಲೀವ್.’

“ಅಯ್ಯ ಶಿವನ! ಇದನ್ನ ಓದಿದ್ರ ಮದುವಿ ಮುರೀತು, ನೀವು ಎದ್ದು ಹೋಗ್ರಿ ಅಂದಂಗ ಆಗ್ತೈತ್ರಿ! ಹೇಳೂದೊಂದು, ತಿಳಿಯೂದೊಂದು! ಕೊಡ್ರಿ ಇಲ್ಲೆ. ಇನ್ನ ಮ್ಯಾಲ ಈ ಮನಿ ಇಂಗ್ಲಿಷ್ ಖಾತಿ ನನ್ನದು!”

ಅತ್ತೆ ಅಂಗಳದಲ್ಲಿ ಅಕ್ಕಿ ಆರಿಸುತ್ತ, “ಕೊಡಪಾ, ಕೊಡು. ಕಲತಾಕಿ ಅದಾಳ” ಎಂದರು.

ನಾನು ಬರೆದೆ. ಒಂದೊಂದು ವಾಕ್ಯವನ್ನೂ ಹಾರದ ಹೂವಿನಂತೆ ಆರಿಸಿ ಪೋಣಿಸಿದೆ. ಇಂಗ್ಲಿಷಿನಲ್ಲಿದ್ದ ಅದರ ಕನ್ನಡ ಇಷ್ಟು:

‘ಮಾನ್ಯರೇ, ತುಂಬಿದ ಹೃದಯದಿಂದ ತಿಳಿಸುತ್ತಿದ್ದೇನೆ. ನಿನ್ನೆ ಹೊತ್ತು ಮುಳುಗುವಾಗ, ನಮ್ಮ ಮನೆಯ ಹೊಸ್ತಿಲಲ್ಲಿ, ಬಂಧುಗಳೆಲ್ಲರ ಕಣ್ಣೆದುರು ನನ್ನ ಹೆಂಡತಿ ಶಾಂಭವಿ ಕಿಕ್ಡ್ ದ ಬಕೆಟ್. ಬಕೆಟ್ಟನ್ನು ನನ್ನ ತಾಯಿಯೇ ಕೈಯಾರೆ ತಂದಿಟ್ಟಿದ್ದರು. ಈ ದಿನಕ್ಕಾಗಿ ಅವರು ವರ್ಷಗಟ್ಟಲೆ ಕಾದಿದ್ದರು. ಆ ಸುಂದರ ಮುಖವನ್ನು ನೋಡಿ ಎಲ್ಲರ ಕಣ್ಣು ತುಂಬಿತು. ಇನ್ನೂ ಕೆಲವು ವಿಧಿಗಳು ಬಾಕಿ ಇವೆ. ದಯವಿಟ್ಟು ರಜೆ ಹೆಚ್ಚಿಸಿ. ಇಂಥ ಸಮಯದಲ್ಲಾದರೂ ನನ್ನನ್ನು ಹುಬ್ಬಳ್ಳಿಗೆ ಕರೆಸಿಕೊಳ್ಳಿ.’

ಪ್ರಭು ಓದಿದರು. “ಸುಂದರ ಮುಖ ಅನ್ನೂದು ಬೇಕೇನು?”

“ಬೇಕ್ರಿ.”

“ಬಕೆಟ್ ಯಾಕ? ಸೇರು ಅಂತ ಬರಿಯಲ್ಲ.”

“ಅಲ್ಲೆ ಸೇರು ಇತ್ತೇನ್ರಿ? ಇದ್ದದ್ದನ್ನ ಇದ್ದಂಗ ಬರೀಬೇಕು!”

ಸತ್ಯಕ್ಕೆ ಕಟ್ಟುಬಿದ್ದು ಸಂದೇಶ ಕಳಿಸಿಬಿಟ್ಟೆ. ಮದುವೆಗೆ ಬಾಡಿಗೆಗೆ ತಂದ ದೊಡ್ಡ ಪಾತ್ರೆಗಳನ್ನು ತಿರುಗಿ ಕೊಡಲು ಪ್ರಭು ಬಂಧುಗಳೊಡನೆ ಟ್ರ್ಯಾಕ್ಟರಿನಲ್ಲಿ ದೇವಿಕೊಪ್ಪಕ್ಕೆ ಹೊರಟರು. ಹೋಗುವಾಗ, “ಫೋನ್ ನಿನ್ನ ಕಡೇನ ಇರ್ಲಿ. ಉತ್ತರ ಬಂದ್ರ ಇಂಗ್ಲಿಷಿನಾಗ ನೀನ ಹೊಡಿ” ಎಂದರು. ಅಧಿಕಾರ ಹಸ್ತಾಂತರ!

ಉತ್ತರಗಳು ಬಂದವು ನೋಡಿ! ಒಂದರ ಹಿಂದೊಂದು, ಟಿಣ್ ಟಿಣ್ ಎಂದು. ಅತ್ತೆ ಮೊರದಲ್ಲಿ ಅಕ್ಕಿ ಹಿಡಿದುಕೊಂಡೇ ಬಾಜು ಬಂದು ಕುಳಿತರು. “ಏನಂತಾರ? ಬಿಡಿಸಿ ಹೇಳು.”

ಒಬ್ಬರು, ‘ಸಾರಿ ಫಾರ್ ಯುವರ್ ಲಾಸ್’ ಎಂದಿದ್ದರು.

“ಲುಕ್ಸಾನ? ಏನ ಲುಕ್ಸಾನ ಆಗೇತಿ ನಮಗ?”

ನಾನು ಕ್ಷಣ ಯೋಚಿಸಿದೆ. ನುಡಿಗಟ್ಟು ಬಲ್ಲವಳು ಸೋಲಬಾರದು. “ಅದು ಚಾಷ್ಟಿರಿ ಅತ್ತಿ. ಮದುವಿ ಆದ ಗಂಡಸು ಸ್ವಾತಂತ್ರ್ಯ ಕಳಕೊಂಡ ಅಂತ ಅವರೊಳಗ ಹಂಗ ಅಂತಾರ.”

“ಖರೇ ಐತಿ ಬಿಡು” ಎಂದು ಅತ್ತೆ ನಕ್ಕರು.

ಇನ್ನೊಬ್ಬರು, ‘ಬಿ ಬ್ರೇವ್’ ಎಂದಿದ್ದರು. ಇದಕ್ಕಂತೂ ಅರ್ಥವೇ ಬೇಕಿರಲಿಲ್ಲ. ಮತ್ತೊಬ್ಬರದು, ‘ಅವಳಿಗೆ ಶಾಂತಿ ಸಿಗಲಿ.’

“ಅತ್ತಿ ಮನಿಯಾಗ ನೆಮ್ಮದಿ ಸಿಗಲಿ ಅಂತ ಹಾರೈಸ್ಯಾರ್ರಿ.”

“ಸಿಗದ ಏನ್ ಮಾಡ್ತೈತಿ! ನಾ ಏನ್ ಹುಲೀನ?”

ಆಮೇಲೆ ಬಂತು ಎಲ್ಲಕ್ಕಿಂತ ಸುಂದರವಾದ ಸಂದೇಶ. ‘ಶೀ ಈಸ್ ಇನ್ ಎ ಬೆಟರ್ ಪ್ಲೇಸ್ ನೌ.’ ಅವಳು ಈಗ ಮೊದಲಿಗಿಂತ ಒಳ್ಳೆಯ ಜಾಗದಲ್ಲಿದ್ದಾಳೆ!

ಅತ್ತೆ ಮೊರವನ್ನು ಕೆಳಗಿಟ್ಟರು. ಮುಖ ಹೊಳೆಯಿತು. “ನೋಡಿದೇನ? ದೂರದ ಮಂದಿಗೂ ಗೊತ್ತೈತಿ! ಕುಂದಗೋಳಕ್ಕಿಂತ ನಮ್ಮ ಮಿಶ್ರಿಕೋಟಿ ಬೇಷ್ ಅಂತ!”

ಕುಂದಗೋಳದ ಮಗಳಾಗಿ ನನಗೆ ತುಸು ಚುಚ್ಚಿತು. ಇಂಗ್ಲಿಷಿನಲ್ಲಿ ಬಂದ ಮಾತೆಂದು ನುಂಗಿಕೊಂಡೆ.

ಅಷ್ಟರಲ್ಲಿ ದಾನೀಶ್ ಸಾಹೇಬರ ಕರೆ ಬಂತು. ಗಂಡನ ಸಾಹೇಬರೊಡನೆ ಹೊಸ ಸೊಸೆ ಮಾತಾಡುವುದು ಹೇಗೆ? ಫೋನ್ ಎತ್ತದೆ, ಮೂರು ಸಾಲು ಬರೆದು ಹಾಕಿದೆ. ‘ಪ್ರಭು ಈಗ ಮಾತಾಡುವ ಸ್ಥಿತಿಯಲ್ಲಿಲ್ಲ. ಮೂರು ರಾತ್ರಿಯಿಂದ ನಿದ್ದೆ ಮಾಡಿಲ್ಲ. ಕೊನೆಯ ಕೆಲಸ ಮುಗಿಸಲು ಬಂಧುಗಳೊಡನೆ ಟ್ರ್ಯಾಕ್ಟರಿನಲ್ಲಿ ಹೋಗಿದ್ದಾರೆ.’ ಒಂದಕ್ಷರ ಸುಳ್ಳಿಲ್ಲ!

ಆಮೇಲೆ ಸಾಹೇಬರ ಉತ್ತರ: ‘ಹದಿನೈದು ದಿನ ರಜೆ ಕೊಟ್ಟಿದ್ದೇನೆ. ಮುಂಬೈಯ ಮುಖ್ಯ ಕಚೇರಿಗೆ ಮಾತಾಡಿದೆ. ಹುಬ್ಬಳ್ಳಿಗೆ ವರ್ಗವೂ ಆಯಿತು. ತಾಯಿಯ ಹತ್ತಿರ ಇರು. ನಾನೇ ಬರುತ್ತಿದ್ದೇನೆ.’

ಹುಬ್ಬಳ್ಳಿ! ನಾನು ಕಟ್ಟೆಯಿಂದ ಅಂಗಳಕ್ಕೆ ಹಾರಿದೆ. ಇಷ್ಟು ದಿನ ‘ನೋಡೂಣು’ ಎಂದವರು ಒಂದೇ ಒಂದು ಸಂದೇಶಕ್ಕೆ ಕರಗಿ ನೀರಾಗಿದ್ದರು! ಮೇಡಂ ಹೇಳಿದ್ದು ಇದೇ ಸವಾರಿ! “ಅತ್ತೀ, ನಾಂದೇಡ ಹೋತ್ರಿ! ಹುಬ್ಬಳ್ಳಿ ಬಂತ್ರಿ!” ಅತ್ತೆ ನನ್ನ ಕೆನ್ನೆ ಸವರಿ ನೆಟಿಕೆ ಮುರಿದು, “ಸಾಹೇಬ್ರು ಬರಾಕತ್ತಾರಂದ್ರ ಹೋಳಿಗಿ ಆಗ್ಬೇಕು” ಎಂದು ಒಳಗೆ ಓಡಿದರು.

ನಡುಮಧ್ಯಾಹ್ನಕ್ಕೆ ಸಾಹೇಬರು ಬಂದರು. ಕಾರನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಬಿಳಿ ಅಂಗಿ ತೊಟ್ಟು, ತಲೆ ತಗ್ಗಿಸಿಕೊಂಡು ನಡೆದು ಬಂದರು. ಎರಡೂ ಕೈಯಲ್ಲಿ ಹೊರಲಾರದಷ್ಟು ದೊಡ್ಡದೊಂದು ಗುಲಾಬಿಯ ಹಾರ. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿ ಬೆರಗಾದೆ. ಒಬ್ಬ ಸಾಮಾನ್ಯ ನೌಕರನ ಹೆಂಡತಿಗೆ ಇಷ್ಟು ಮರ್ಯಾದೆಯೇ! ಬಾಗಿಲಿನ ಮಾವಿನ ತೋರಣಕ್ಕೂ ಒಳಗಿನಿಂದ ಬರುವ ಹೋಳಿಗೆಯ ವಾಸನೆಗೂ ಸಾಹೇಬರೂ ಸ್ವಲ್ಪ ಬೆರಗಾದಂತಿತ್ತು.

“ಬರ್ರಿ ಬರ್ರಿ ಸಾಹೇಬ್ರ, ಕೂಡ್ರಿ! ಚಾ ತಗೋರಿ” ಎಂದು ಅತ್ತೆ ಕಪ್ಪನ್ನು ಮುಂದಿಟ್ಟರು.

ದಾನೀಶ್ ಸಾಹೇಬರು ಬೀದರ ಕಡೆಯವರು. ನಮ್ಮಷ್ಟೇ ಕನ್ನಡ ಬಲ್ಲವರು. ಮೆಲ್ಲಗೆ ಕೇಳಿದರು, “ಅವ್ವಾರ, ಹೆಂಗ ಆತ್ರಿ ಇದು?”

“ಅಗದಿ ಚಂದ ಆತ್ರಿ!”

“ಚಂದ?”

“ಒಂದ ಒದಿರಿ ಸಾಹೇಬ್ರ! ಒಂದ ಒದಿಗೆ ಮುಗದ ಹೋತು. ಜ್ವಾರಲೆ ಅಂತ ನಾನ ಹೇಳಿದ್ನಿ. ಮಂದಿ ಎಲ್ಲಾ ಚಪ್ಪಾಳಿ ಹೊಡದ್ರು!”

ಸಾಹೇಬರು ಕಪ್ಪನ್ನು ಎರಡು ಬೆರಳಿನಿಂದ ಮೆಲ್ಲಗೆ ದೂರ ತಳ್ಳಿದರು.

“ಚಾ ಯಾಕ ಬಿಟ್ರಿ? ನನ್ನ ಕೈಯ್ಯಾನ ಚಾ ಇಡೀ ಊರಾಗ ಹೆಸರಾಗೇತ್ರಿ!”

“ಬ್ಯಾಡ್ರಿ. ನಿಮ್ಮ ಕೈಯಿಂದ ಬ್ಯಾಡ. ಮೊದಲ ಹೇಳ್ರಿ, ಆಕಿಗೆ ನೀವು ತಿನ್ನಾಕ ಏನರ ಕೊಟ್ಟಿದ್ರೇನು?”

“ಕೊಡದ ಮತ್ತ! ಹೋಳಿಗಿ ಕೊಟ್ನಿ, ಮ್ಯಾಲ ತುಪ್ಪ ಸುರದ್ನಿ. ಬ್ಯಾಡ ಬ್ಯಾಡ ಅಂದ್ಲು. ಬಾಯಾಗ ತುರಕಿದ್ನಿ!”

ಸಾಹೇಬರ ಹಣೆಯ ಮೇಲೆ ಬೆವರಿನ ಹನಿಗಳು ಮೂಡಿದವು. ಅವರು ಎದ್ದು ನಿಲ್ಲುವುದಕ್ಕೂ ನಾನು ಹೋಳಿಗೆಯ ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ ಸರಿಹೋಯಿತು. ಹಸಿರು ಸೀರೆ, ಕೈತುಂಬ ಬಳೆ, ಕೊರಳಲ್ಲಿ ಹೊಸ ತಾಳಿ. ನಮಸ್ಕಾರ ಮಾಡಿದೆ.

“ನೀವು ಯಾರ್ರಿ?”

“ನಾ ಪ್ರಭು ಅವರ ಹೆಂಡ್ತಿರಿ.”

ಸಾಹೇಬರ ಕೈಯಲ್ಲಿದ್ದ ಹಾರ ನೆಲಕ್ಕೆ ಜಾರಿತು. “ಯಾ ಅಲ್ಲಾ! ಎರಡನೇದ್ದು ಆಗೇಬಿಡ್ತಾ? ಇಷ್ಟು ಲಗೂನ? ನಿನ್ನೆ ಸಂಜೀಕ ಒಬ್ಬಾಕಿ ಹೋದ್ಲು, ಇವತ್ತ ಮಧ್ಯಾಹ್ನ ಇನ್ನೊಬ್ಬಾಕಿ ಹೋಳಿಗಿ ತರಾಕತ್ತಾಳ!”

“ಯಾರ ಹೋದ್ರು?” ಎಂದೆವು ನಾನೂ ಅತ್ತೆಯೂ ಒಟ್ಟಿಗೆ.

“ಶಾಂಭವಿ!”

“ಶಾಂಭವಿ ನಾನರಿ!”

ಸಾಹೇಬರು ಕುರ್ಚಿಯ ಬೆನ್ನು ಹಿಡಿದುಕೊಂಡರು. ನನ್ನ ಪಾದಗಳನ್ನು ನೋಡಿದರು. ಬಹುಶಃ ಮುಂದಕ್ಕಿವೆಯೋ ದೆವ್ವದಂತೆ ಹಿಂದಕ್ಕಿವೆಯೋ ಎಂದು. ಆಮೇಲೆ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ನಾನೇ ಹೂವಿನಂತೆ ಪೋಣಿಸಿದ ಆ ಸಂದೇಶ! “ಇಲ್ಲೆ ಕಿಕ್ಡ್ ದ ಬಕೆಟ್ ಅಂತ ಐತೆಲ್ರೀ?”

“ಹೌದ್ರಿ. ಬಕೆಟ್ ಒದ್ದೇನ್ರಿ. ಮನಿ ಹೊಕ್ಕೊಳ್ಳುಮುಂದ.”

“ಅವ್ವಾ ತಾಯೀ!” ಸಾಹೇಬರು ಹಣೆ ಚಚ್ಚಿಕೊಂಡರು. “ಇಂಗ್ಲಿಷಿನಾಗ ಹಂಗಂದ್ರ ಸತ್ತರು ಅಂತ ಅರ್ಥ!”

ಹಂಚಿನ ಮೇಲೆ ಹೋಳಿಗೆ ಸೀಯುವ ವಾಸನೆ ಬಂತು. ನನ್ನ ತಲೆಯಲ್ಲಿ ಬೆಳಗಿನ ಒಂದೊಂದೇ ಸಂದೇಶ ಮುಸುಕು ತೆಗೆದು ನಿಜವಾದ ಮುಖ ತೋರಿಸಿತು. ಲಾಸ್. ಶಾಂತಿ. ಬೆಟರ್ ಪ್ಲೇಸ್!

ಅತ್ತೆ ಮೊದಲು ಬಾಯಿ ಬಿಟ್ಟರು. “ಅಂದ್ರ ಬೆಟರ್ ಪ್ಲೇಸ್ ಅಂದದ್ದು ಮಿಶ್ರಿಕೋಟಿಗೆ ಅಲ್ಲ?”

“ಸ್ವರ್ಗಕ್ಕರಿ” ಎಂದೆ ಸಣ್ಣ ದನಿಯಲ್ಲಿ.

ಟ್ರ್ಯಾಕ್ಟರಿನಿಂದ ಇಳಿದು ಆಗಷ್ಟೇ ಒಳಬಂದ ಪ್ರಭು, ಸಾಹೇಬರನ್ನು ನೋಡಿ, ನೆಲದ ಮೇಲಿನ ಹಾರವನ್ನು ನೋಡಿ, ನನ್ನನ್ನು ನೋಡಿದರು. ವಿಷಯ ತಿಳಿಯುತ್ತಲೇ ಮೆಲ್ಲಗೆ ಕಂಬ ಹಿಡಿದು ಕುಳಿತರು.

ಸಾಹೇಬರ ದನಿ ಗಡುಸಾಯಿತು. “ಮುಂಬೈದಾಗ ದೊಡ್ಡ ಸಾಹೇಬ್ರು ಮೀಟಿಂಗ್ ನಿಲ್ಲಿಸಿ, ಎಲ್ಲಾರೂ ಎದ್ದು ನಿಂತು ಮೌನ ಆಚರಿಸ್ಯಾರ. ಎಳೇ ವಯಸ್ಸಿನಾಗ ಹೆಂಡ್ತಿ ಹೋದ್ಲು ಅಂತ ವರ್ಗ ಕೊಟ್ಟಾರ. ಈಗ ಹೆಂಡ್ತಿ ಹೋಳಿಗಿ ಹಂಚಾಕತ್ತಾಳ ಅಂದ್ರ ಹುಬ್ಬಳ್ಳಿ ಎಲ್ಲಿ ಉಳೀತೈತಿ ಪ್ರಭು? ನೌಕರಿ ಉಳದ್ರ ದೊಡ್ಡದು.”

ಹುಬ್ಬಳ್ಳಿ ಹೋಯಿತು. ಕಣ್ಣೆದುರೇ ಹೋಯಿತು. ಅಷ್ಟೇ ಅಲ್ಲ, ನನ್ನಿಂದ ಗಂಡನ ನೌಕರಿಯೂ ಹೋಗುವ ಹಾಗಿತ್ತು. ನಾನು ಸೆರಗಿನ ತುದಿ ಬಿಗಿಯಾಗಿ ಹಿಡಿದು, “ಸರ್, ತಪ್ಪು ನಂದ್ರಿ, ಅವರದಲ್ಲ. ಆದ್ರ ಒಂದಕ್ಷರಾನೂ ಸುಳ್ಳು ಬರದಿಲ್ರಿ” ಎಂದೆ.

“ಇಷ್ಟು ಛಲೋ ಇಂಗ್ಲಿಷ್ ಬರೀತೀರಿ. ಇಷ್ಟ ಗೊತ್ತಿರಲಿಲ್ಲೇನು?”

“ನಾ ಜೆ ತನಕ ಬಂದೀನ್ರಿ ಸರ್. ಇದು ಕೆ.”

ಸಾಹೇಬರಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆಯಿಂದ ಪುಸ್ತಕ ತಂದು ನವಿಲುಗರಿಯ ಪುಟ ತೆರೆದು ತೋರಿಸಿದೆ. ಅಲ್ಲೇ ಇತ್ತು, ಕಾಲು ಚಾಚಿಕೊಂಡು! ಅರ್ಥ: ಸಾಯುವುದು. ಹುಟ್ಟು: ಖಚಿತವಾಗಿ ಹೇಳಲಾಗದು, ಹಿಂದೆ ಇಂಗ್ಲೆಂಡಿನ ಕೆಲವು ಕಡೆ ಕೊಂದ ಹಂದಿಯನ್ನು ತೂಗುಹಾಕುವ ತೊಲೆಗೂ ಬಕೆಟ್ ಎನ್ನುತ್ತಿದ್ದರಂತೆ, ಹಂದಿಯ ಕಾಲು ಅದಕ್ಕೆ ಬಡಿಯುತ್ತಿತ್ತಂತೆ. ಅಭ್ಯಾಸಬಲ ನೋಡಿ, ಅಂಥ ಹೊತ್ತಿನಲ್ಲೂ ಗಟ್ಟಿಯಾಗಿ ಓದಿ ವಿವರಿಸಿದೆ.

“ಹೆಣ್ಣು ನೋಡಾಕ ಬಂದಾಗ ಕುರಿ ತಂದಿ. ಮನಿ ತುಂಬಿದ ಮ್ಯಾಲ ಹಂದಿ ತಂದಿ!” ಎಂದು ಅತ್ತೆ ಗುಡುಗಿದರು. “ಇನ್ನ ಎಷ್ಟ ಅಕ್ಷರ ಉಳದಾವ ಹೇಳು, ಕೊಟ್ಟಿಗಿ ದೊಡ್ಡದು ಮಾಡಸ್ತೇನಿ!”

ಸಾಹೇಬರ ತುಟಿಯ ತುದಿ ಅದುರಿತು. ಅದನ್ನು ಅತ್ತೆ ಕಂಡರು. ನನ್ನ ಅತ್ತೆ ರೇವವ್ವ ಸಮಯ ಬಿಡುವ ಹೆಂಗಸಲ್ಲ! ಒಳಗೆ ಹೋಗಿ ನೆಗ್ಗಿದ ಬಕೆಟ್ಟನ್ನು ತಂದು, ಅಕ್ಕಿ ತುಂಬಿ, ಹೊಸ್ತಿಲ ಮೇಲೆ ಕುಕ್ಕಿದರು. “ಸಾಹೇಬ್ರ, ನಿಮ್ಮ ದೊಡ್ಡ ಸಾಹೇಬ್ರಿಗೆ ಮಾರಿ ಕಾಣೂ ಫೋನ್ ಹಚ್ಚರಿ. ನನ್ನ ಸೊಸಿ ಸತ್ತಾಳೋ ಬದುಕ್ಯಾಳೋ, ಅವರ ಕಣ್ಣಿಲೆ ಅವರ ನೋಡ್ಲಿ!”

ಸಾಹೇಬರು ಹಿಂದೆಮುಂದೆ ನೋಡಿ ವಿಡಿಯೋ ಕರೆ ಹಚ್ಚಿದರು. ಪರದೆಯಲ್ಲಿ ಮುಂಬೈಯ ಉದ್ದದೊಂದು ಮೇಜು, ಅದರ ಸುತ್ತ ಗಂಭೀರವಾದ ಮುಖಗಳು. ಸಾಹೇಬರು ಹಿಂದಿಯಲ್ಲಿ ತೊದಲುತ್ತ ನಡೆದದ್ದನ್ನು ಹೇಳಿ, ಫೋನನ್ನು ನನ್ನ ಕಡೆ ತಿರುಗಿಸಿದರು. ಅತ್ತೆ ಕೂಗಿದರು, “ಒದಿ ಯವ್ವಾ! ಹುಬ್ಬಳ್ಳಿ ಅಂತ ಒದಿ!”

ಒದ್ದೆ. ನಾಂದೇಡದ ಆ ಮೂರು ಗಂಡಸರ ಕೋಣೆಯನ್ನೇ ಒದ್ದಂತೆ ಒದ್ದೆ! ಬಕೆಟ್ಟು ನಿನ್ನೆಗಿಂತ ಎತ್ತರಕ್ಕೆ ಹಾರಿ, ಅಕ್ಕಿಯನ್ನೆಲ್ಲ ದಾನೀಶ್ ಸಾಹೇಬರ ತಲೆಯ ಮೇಲೆ ಸುರಿದು, ದೇವರ ಕೋಣೆಯವರೆಗೆ ಉರುಳಿ ಹೋಯಿತು. ಅಕ್ಷತೆ ಹಾಕಿಸಿಕೊಂಡ ಮದುಮಗನಂತೆ ಸಾಹೇಬರು ಫೋನ್ ಹಿಡಿದೇ ನಿಂತಿದ್ದರು.

ಮುಂಬೈಯಲ್ಲಿ ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ಇಡೀ ಮೇಜು ನಕ್ಕಿತು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹಿಂದಿಯಲ್ಲಿ ಹೇಳಿದ್ದನ್ನು ದಾನೀಶ್ ಸಾಹೇಬರು ನಮಗೆ ಕನ್ನಡದಲ್ಲಿ ಹೇಳಿದರು: “ಸತ್ತಾಕಿಗೆ ಕೊಟ್ಟದ್ದನ್ನ ಬದುಕಿದಾಕಿ ಕಡಿಂದ ಹೆಂಗ ಕಸಗೊಳ್ಳೂದು? ಹುಬ್ಬಳ್ಳಿ ಇರ್ಲಿ. ಇಲ್ಲಾಂದ್ರ ಈ ಹುಡುಗಿ ಮುಂಬೈಗೆ ಬಂದು ನನ್ನ ಖುರ್ಚಿ ಒದ್ದಾಳು!” ರಜೆ ಮಾತ್ರ ಹದಿನೈದರಿಂದ ಒಂದು ವಾರಕ್ಕೆ ಇಳಿಯಿತು. ಬದುಕಿರುವುದಕ್ಕೆ ಅಷ್ಟಾದರೂ ತೆರಬೇಕಲ್ಲ!

ಪ್ರಭು ಕಂಬ ಬಿಟ್ಟು ಎದ್ದರು. ನನ್ನನ್ನು ನೋಡಿ, ಅಂದು ಉಪ್ಪಿಟ್ಟಿನ ತಟ್ಟೆಯ ಮುಂದೆ ನಕ್ಕ ಹಾಗೆಯೇ ಹೆಗಲು ಕುಣಿಸಿ ನಕ್ಕರು. ನನ್ನ ಫೋಟೋಕ್ಕೆ ಹಾಕಲೆಂದು ತಂದ ಗುಲಾಬಿಯ ಹಾರ ಎಷ್ಟು ದೊಡ್ಡದಿತ್ತೆಂದರೆ, ಸಾಹೇಬರು ಅದನ್ನು ನಮ್ಮಿಬ್ಬರ ಕೊರಳಿಗೂ ಸೇರಿಸಿಯೇ ಹಾಕಿದರು. ಆಮೇಲೆ ತಲೆಯಿಂದ ಅಕ್ಕಿ ಕೊಡವಿಕೊಳ್ಳುತ್ತ ಎರಡು ಕಪ್ಪು ಚಹಾ ಕುಡಿದು, ಹೋಳಿಗೆ ಕಟ್ಟಿಸಿಕೊಂಡು ಹೊರಟರು.

ಸಂಜೆಯ ಬಿಸಿಲು ಅಂಗಳದ ಮೇಲೆ ಅರಿಸಿನದಂತೆ ಬಿದ್ದಿತ್ತು. ನಾನು ಗೆದ್ದ ರಾಣಿಯಂತೆ ಅಡಿಗೆಮನೆಯ ಬಾಗಿಲಿಗೆ ಆತುಕೊಂಡು ನಿಂತೆ. ಅತ್ತೆ ರೊಟ್ಟಿಗೆಂದು ಜೋಳದ ಹಿಟ್ಟಿನ ದೊಡ್ಡ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿದ್ದರು.

“ನೋಡಿದ್ರೇನ್ರಿ ಅತ್ತಿ! ಒಂದ ಒಂದು ಮಾತು. ನಾಂದೇಡ ಹೋಗಿ ಹುಬ್ಬಳ್ಳಿ ಬಂತು! ತಪ್ಪಾದ್ರೂ ಏನಾತ್ರಿ, ಎಲ್ಲಾ ನನ್ನ ಇಂಗ್ಲಿಷಿನ ಪ್ರತಾಪ!”

ಅತ್ತೆಯ ಕೈ ಡಬ್ಬಿಯ ತಳದಲ್ಲಿ ಏನಕ್ಕೋ ತಾಗಿ ನಿಂತಿತು. ಮೆಲ್ಲಗೆ ಅದನ್ನು ಮೇಲೆ ಎಳೆದರು. ಹಿಟ್ಟಿನಲ್ಲಿ ಮಿಂದೆದ್ದ ಹಿತ್ತಾಳೆಯ ಸೇರು! ಉಫ್ ಎಂದು ಊದಿ, ಸೆರಗಿನಿಂದ ಒರೆಸಿ, ನನ್ನ ಮುಂದೆ ಇಟ್ಟರು.

“ಇದು ನಿನ್ನೆ ಸಿಕ್ಕಿದ್ರ ನೀ ಏನ ಬರೀತಿದ್ದಿ?”

“ಕಿಕ್ಡ್ ದ ಸೇರು ಅಂತರಿ.”

“ಅದನ್ನ ಓದಿ ಯಾರರ ಅಳ್ತಿದ್ರೇನು?”

“ಇಲ್ರಿ.”

“ಹಾರ ಹಿಡಕೊಂಡು ಸಾಹೇಬ್ರು ಬರ್ತಿದ್ರೇನು?”

“ಇಲ್ರಿ.”

“ಹುಬ್ಬಳ್ಳಿ?”

“ಅದೂ ಇಲ್ರಿ.”

“ಅಂದ್ರ ನಿನ್ನ ಗಂಡನ್ನ ಹುಬ್ಬಳ್ಳಿಗೆ ತಂದದ್ದು ನಿನ್ನ ಇಂಗ್ಲಿಷ್ ಅಲ್ಲ ಬಿಡು. ನನ್ನ ಮರವು!” ಅತ್ತೆ ಸೇರಿನ ತುಂಬ ಹಿಟ್ಟು ತೆಗೆದು ನನ್ನ ಕೈಗೆ ಕೊಟ್ಟರು. “ನಡಿ, ರೊಟ್ಟಿ ಬಡಿ. ಇಂಗ್ಲಿಷ್ ಖಾತಿ ಇವತ್ತಿಂದ ನನ್ನ ಕಡೆ ಇರ್ಲಿ.”